ಒಂದು ಸೈಟಿಗಾಗಿ ಇಡೀ ಮನೆ ತೊಳೆದ ಭಾನುವಾರ

2024ರ ಯುಗಾದಿಗೆ ಇನ್ನೆರಡು ದಿನ ಇತ್ತು. ದಾವಣಗೆರೆ ಬಿಸಿಲು ಗೊತ್ತಲ್ಲ, ಬೆಳಗ್ಗೆ ಹತ್ತಕ್ಕೇ ಗೋಡೆ ಕಾದಿರುತ್ತದೆ. ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಹಿತ್ತಲಿಗೆ ಹಾಕಿದ್ದೆ. ಅತ್ತೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬಿಂದಿಗೆ ಉಜ್ಜುತ್ತಿದ್ದರು. ಅಷ್ಟರಲ್ಲಿ ಭಾವನ ಮಗಳು ಜಗಳೂರಿನ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು.

"ಚಿಕ್ಕಮ್ಮ, ಎಂಟ್ರೆನ್ಸ್ ಅರ್ಜಿಗೆ ನಾಳೆನೇ ಲಾಸ್ಟು. ನಮ್ಮೂರಲ್ಲಿ ನೆಟ್ ನಿಲ್ತಾನೇ ಇಲ್ಲ. ಇಲ್ಲೇ ಹಾಕ್ಕೊಡ್ತೀರಾ?"

ಶಾಲೆಯಲ್ಲಿ ನಾನು ಮಕ್ಕಳ ಅರ್ಜಿಗಳನ್ನು ಎಷ್ಟೋ ತುಂಬಿದ್ದೇನೆ. ಅರ್ಧ ಗಂಟೆಯ ಕೆಲಸ, ಬಾ ಅಂದೆ.

ಕಂಪ್ಯೂಟರ್ ನಮ್ಮ ಮನೆಗೆ ಬಂದಿದ್ದು 2016ರಲ್ಲಿ, ಮಗಳು ಪಿಯುಸಿಗೆ ಸೇರಿದಾಗ. ಈಗ ಅವಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಕಂಪ್ಯೂಟರ್ ಮಾತ್ರ ಹಾಲಿನ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಅದರಲ್ಲಿ ಮೆಕ್ಕೆಜೋಳದ ರೇಟು, ಕ್ರಿಕೆಟ್ ಸ್ಕೋರು ನೋಡುತ್ತಾರೆ. ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಭಾನುವಾರ ಅತ್ತೆಗೆ ವಚನ ಹಾಕಿಕೊಡಬೇಕು. ಸ್ವಿಚ್ ಒತ್ತಿ, ಒಳಗೆ ಹೋಗಿ ಟೀ ಕಾಸಿಕೊಂಡು ಬಂದರೂ ಪರದೆ ಪೂರ್ತಿ ಮೂಡಿರುತ್ತಿರಲಿಲ್ಲ. ಮೂಡಿದ ಮೇಲೆ ಕೆಳಗಿನ ಬಲ ಮೂಲೆಯಲ್ಲಿ ಟಣ್ ಅಂತ ಒಂದು ಚೀಟಿ ಬೇರೆ: "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ." ದಿನಕ್ಕೆ ಹತ್ತು ಸಲ. ಅದು ನಮಗೆ ರೂಢಿಯಾಗಿಹೋಗಿತ್ತು.

ಅರ್ಜಿಯ ಸೈಟು ತೆರೆಯಿತು. ಲಾಗಿನ್ ಆದೆವು, ಒಟಿಪಿ ಬಂತು, ಹಾಕಿದೆವು. ಪುಟ ಒಂದು ಸುತ್ತು ತಿರುಗಿ ಮತ್ತೆ ಲಾಗಿನ್ ಪುಟಕ್ಕೇ ಬಂತು. ಇನ್ನೊಮ್ಮೆ ಮಾಡಿದೆವು, ಮತ್ತೆ ಅಲ್ಲಿಗೇ. ಗಾಣದ ಎತ್ತಿನ ಕತೆ. ಐದನೇ ಸಲಕ್ಕೆ ಒಟಿಪಿ ಬರುವುದೂ ನಿಂತಿತು. ಹುಡುಗಿಯ ಕಣ್ಣಲ್ಲಿ ನೀರು.

ಸಹಾಯವಾಣಿಗೆ ಫೋನ್ ಮಾಡಿದೆ. ಕೊನೆ ದಿನ ಹತ್ತಿರ ಬಂದಿತ್ತಲ್ಲ, ಭಾನುವಾರವೂ ಎತ್ತಿದರು, ಅದೇ ಪುಣ್ಯ. "ಮೇಡಂ, ಕುಕೀಸು, ಟೆಂಪರರಿ ಫೈಲ್ಸು ಎಲ್ಲ ಕ್ಲಿಯರ್ ಮಾಡಿ ಟ್ರೈ ಮಾಡಿ" ಅಂದು ಇಟ್ಟುಬಿಟ್ಟರು. "ಎಲ್ಲ" ಅನ್ನುವ ಆ ಒಂದು ಮಾತನ್ನು ನಾನು ಹಾಗೇ ತಲೆಗೆ ಹಾಕಿಕೊಂಡೆ. ಮನೆ ತುಂಬ ಯುಗಾದಿ ಕ್ಲೀನಿಂಗ್ ನಡೆದಿತ್ತು ನೋಡಿ, ಮನಸ್ಸೂ ಅದೇ ಗುಂಗಿನಲ್ಲಿತ್ತು.

ಹುಡುಗಿಗೆ ದಾರಿ ಗೊತ್ತಿತ್ತು. ಕ್ರೋಮ್ ತೆರೆದುಕೊಂಡು ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದಳು. ಒಂದು ಪೆಟ್ಟಿಗೆ ಬಂತು. ಅದರಲ್ಲಿ ಮೂರು ಸಾಲು: ನೋಡಿದ ಪುಟಗಳ ಪಟ್ಟಿ, ಕುಕೀಸ್, ಕ್ಯಾಶ್‌ನಲ್ಲಿರುವ ಚಿತ್ರ ಮತ್ತು ಫೈಲುಗಳು. ಮೂರಕ್ಕೂ ಟಿಕ್ ಇತ್ತು. ಒತ್ತಿದೆವು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಸೈಟಿಗೆ ಹೋದರೆ ಹಳೇ ಕತೆಯೇ.

ಆಮೇಲೆ ಕಂಡಿತು. ಪೆಟ್ಟಿಗೆಯ ಮೇಲ್ಗಡೆ "ಲಾಸ್ಟ್ ಅವರ್" ಅಂತ ಇತ್ತು. ಅಂದರೆ ಕಳೆದ ಒಂದು ಗಂಟೆಯದ್ದು ಮಾತ್ರ ಅಳಿಸಿದ್ದೆವು. ಆ ಸೈಟಿನಲ್ಲಿ ನಾನು ಮೂರು ತಿಂಗಳ ಹಿಂದೆ ಶಾಲೆಯ ಬೇರೊಂದು ಮಗುವಿಗಾಗಿ ಲಾಗಿನ್ ಆಗಿದ್ದೆ. ಆಗಿನ ಕುಕೀ, ಅಂದರೆ ಆ ಸೈಟು ನಮ್ಮ ಬ್ರೌಸರಿನಲ್ಲಿ ಇಟ್ಟಿದ್ದ ಗುರುತು, ಹಾಗೇ ಉಳಿದಿತ್ತು. ಸಮಯವನ್ನು "ಆಲ್ ಟೈಮ್" ಅಂತ ಬದಲಿಸಿದ್ದರೆ ಸಾಕಾಗುತ್ತಿತ್ತು.

ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಪಕ್ಕದಲ್ಲಿ "ಅಡ್ವಾನ್ಸ್ಡ್" ಅಂತ ಇತ್ತು. ಅದನ್ನು ಒತ್ತಿದರೆ ಇನ್ನೂ ಉದ್ದದ ಪಟ್ಟಿ. ಪಾಸ್‌ವರ್ಡ್ಸ್, ಆಟೋಫಿಲ್, ಸೈಟ್ ಸೆಟ್ಟಿಂಗ್ಸ್, ಇನ್ನೂ ಏನೇನೋ. "ಎಲ್ಲ" ಅಂದಿದ್ದಾರಲ್ಲ ಅಂತ ಸಾಲಾಗಿ ಟಿಕ್ ಹಾಕಿಕೊಂಡು ಬಂದೆ. ಒಂದೊಂದು ಸಾಲಿನ ಕೆಳಗೂ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಕನ್ನಡಕ ಅಡುಗೆಮನೆಯಲ್ಲಿತ್ತು. ಎದ್ದು ಹೋಗಿ ತರಲಿಲ್ಲ. "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ" ಅಂತ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನು.

ಡಿಲೀಟ್ ಒತ್ತಿದೆ. ಈ ಸಲ ಜಾಸ್ತಿ ಹೊತ್ತು ತೆಗೆದುಕೊಂಡಿತು. ಅರ್ಧದಲ್ಲಿ ಕರೆಂಟೂ ಹೋಯಿತು. ಯುಪಿಎಸ್ ಕೀಂ ಕೀಂ ಅನ್ನುವಾಗ ನನ್ನ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಎರಡು ನಿಮಿಷಕ್ಕೆ ಕರೆಂಟು ಬಂತು. ಸೈಟಿಗೆ ಹೋಗಿ ಲಾಗಿನ್ ಆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಳಗೆ ಹೋದೆವು! ಫೋಟೋ, ಸಹಿ ಎಲ್ಲ ಏರಿಸಿದೆವು. ಫೀಸು ಕಟ್ಟಲು ನಮ್ಮ ಮನೆಯವರ ಬ್ಯಾಂಕ್ ಖಾತೆ ತೆರೆಯೋಣ ಅಂದರೆ ಪಾಸ್‌ವರ್ಡಿನ ಜಾಗ ಖಾಲಿ. ದಿನಾ ತಾನೇ ತುಂಬಿಕೊಳ್ಳುತ್ತಿತ್ತಲ್ಲ ಅಂದುಕೊಂಡೆ. ಇರಲಿ ಅಂತ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಟ್ಟಿದೆ. ಹುಡುಗಿ ಊಟ ಮಾಡಿ ಮೂರರ ಬಸ್ಸಿಗೆ ಹೊರಟಳು. ಇನ್ನೊಂದು ಸಂತೋಷ ಅಂದರೆ ಆ ವೈರಸ್ ಚೀಟಿಯೂ ಬರುವುದು ನಿಂತಿತ್ತು. ನಾನು ಗೆದ್ದೆ ಅಂದುಕೊಂಡೆ.

ಸಂಜೆ ಮನೆಯವರು ಅಂಗಡಿಯಿಂದಲೇ ಫೋನ್ ಮಾಡಿದರು. "ಏನ್ ಮಾಡಿದೆ ಇವತ್ತು? ನನ್ನ ಮೊಬೈಲಲ್ಲಿ ಜಿಎಸ್‌ಟಿ ಪಾಸ್‌ವರ್ಡೇ ಬರ್ತಿಲ್ಲ. ಹನ್ನೊಂದನೇ ತಾರೀಖಿಗೆ ರಿಟರ್ನ್ ಹಾಕ್ಬೇಕು."

ನಾನು ಮುಟ್ಟಿದ್ದು ಮನೆಯ ಕಂಪ್ಯೂಟರು. ಅವರ ಮೊಬೈಲಿಗೆ ಏನಾಯಿತು ಅಂತ ಮಗಳಿಗೆ ಫೋನ್ ಹಚ್ಚಿದೆ.

"ಅಮ್ಮಾ, ಎಲ್ಲಕ್ಕೂ ಟಿಕ್ ಹಾಕಿದ್ಯಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಗುತ್ತಿದ್ದಳೋ ಬೈದುಕೊಳ್ಳುತ್ತಿದ್ದಳೋ.

ಆಗಿದ್ದು ಇಷ್ಟು. ಕಂಪ್ಯೂಟರಿನ ಕ್ರೋಮ್‌ನಲ್ಲೂ ಅವರ ಮೊಬೈಲಿನಲ್ಲೂ ಒಂದೇ ಗೂಗಲ್ ಖಾತೆ, ಒಂದರಲ್ಲಿ ಬದಲಾದದ್ದನ್ನು ಇನ್ನೊಂದರಲ್ಲೂ ಬದಲಿಸುವ ಸಿಂಕ್ ಆನ್ ಇತ್ತು. ಕುಕೀಸ್ ಮತ್ತು ಕ್ಯಾಶ್ ಆಯಾ ಯಂತ್ರದವು. ಇಲ್ಲಿ ಅಳಿಸಿದರೆ ಇಲ್ಲಿಯದು ಮಾತ್ರ ಹೋಗುತ್ತದೆ. ಪಾಸ್‌ವರ್ಡು ಮತ್ತು ನೋಡಿದ ಪುಟಗಳ ಪಟ್ಟಿ ಹಾಗಲ್ಲ. ಅವು ಖಾತೆಯ ಜೊತೆ ಹೋಗುವಂಥವು. ಇಲ್ಲಿ ಅಳಿಸಿದರೆ ಅಲ್ಲಿಯೂ ಹೋದವು. ಎಂಟು ವರ್ಷದಿಂದ ಕೂಡಿಟ್ಟ ಬೀಗದ ಕೈ ಗೊಂಚಲನ್ನು ನಾನೇ ಬಾವಿಗೆ ಎಸೆದಿದ್ದೆ.

ಮುಂದಿನ ಮೂರು ದಿನ ಹಬ್ಬ ಮಾಡಿದೆವೋ ಪಾಸ್‌ವರ್ಡ್ ಹುಡುಕಿದೆವೋ ಗೊತ್ತಿಲ್ಲ. ಜಿಎಸ್‌ಟಿಯದು ಆಡಿಟರ್ ಹತ್ತಿರ ಬರೆದಿಟ್ಟಿತ್ತು, ಬದುಕಿದೆವು. ಬ್ಯಾಂಕಿನದು ಹೊಸದಾಗಿ ಮಾಡಿಕೊಂಡದ್ದಾಯಿತು. ಕರೆಂಟು ಬಿಲ್ಲಿನ ಖಾತೆಯ ಪಾಸ್‌ವರ್ಡು ಗ್ಯಾಸ್ ಪುಸ್ತಕದ ಹಿಂದಿನ ರಟ್ಟಿನಲ್ಲಿ ಪೆನ್ಸಿಲಿನಲ್ಲಿ ಸಿಕ್ಕಿತು, ಮಗಳ ಅಕ್ಷರ. ನನ್ನ ಹಳೇ ಮೇಲ್ ಒಂದಕ್ಕೆ ಜೋಡಿಸಿದ್ದ ಸಿಮ್ ಯಾವತ್ತೋ ಬಿಸಾಕಿದ್ದೆವು. ಅದು ಹೋಗಿದ್ದು ಹೋಯಿತು. ಬೇವು-ಬೆಲ್ಲ ಕೊಡುವಾಗ ಮನೆಯವರು "ಈ ಸಲ ಬೇವು ಸ್ವಲ್ಪ ಜಾಸ್ತಿ ಆಯ್ತಲ್ಲ" ಅಂತ ನನ್ನ ಮುಖ ನೋಡಿ ಅಂದರು.

ಹಬ್ಬಕ್ಕೆ ಬಂದ ಮಗಳು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಬಿಡಿಸಿ ಹೇಳಿದಳು. ವೆಬ್‌ಸೈಟಿಗೆ ತನ್ನಷ್ಟಕ್ಕೆ ನೆನಪು ಅನ್ನುವುದೇ ಇಲ್ಲವಂತೆ. ಒಂದು ಪುಟ ಕೊಟ್ಟ ಮೇಲೆ, ಮುಂದಿನ ಪುಟ ಕೇಳುವವರು ಅದೇ ಮನುಷ್ಯರೋ ಬೇರೆಯವರೋ ಅದಕ್ಕೆ ತಿಳಿಯದು. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಅನ್ನುವವರು ಒಂದು ಉಪಾಯ ಹುಡುಕಿದರು. ಸೈಟು ಒಂದು ಸಣ್ಣ ಗುರುತನ್ನು ನಮ್ಮ ಬ್ರೌಸರಿಗೆ ಕೊಟ್ಟಿರುತ್ತದೆ. ಮುಂದಿನ ಸಲ ಹೋದಾಗ ಬ್ರೌಸರ್ ಅದನ್ನು ತೋರಿಸುತ್ತದೆ. ಗುಡಿಯ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಅಲ್ಲಿ ಕೂತವರು ನಮ್ಮ ಮುಖ ನೆನಪಿಟ್ಟುಕೊಳ್ಳುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ನಾವು ಹೋದ ಸಲದ ದುಗ್ಗಮ್ಮನ ಜಾತ್ರೆಯ ಟೋಕನ್ ಹಿಡಿದು ಈ ಸಲದ ಜಾತ್ರೆಯಲ್ಲಿ ಚಪ್ಪಲಿ ಕೇಳುತ್ತಿದ್ದೆವು. ಅವರು ಮತ್ತೆ ಮತ್ತೆ ಕ್ಯೂನ ಹಿಂದಕ್ಕೆ ಕಳಿಸುತ್ತಿದ್ದರು.

"ಅಂದ್ರೆ ಅದನ್ನ ಅಳಿಸಿದ್ರಿಂದ ಕಂಪ್ಯೂಟರ್ ಹಗುರ ಆಯ್ತಾ?" ಅಂತ ಕೇಳಿದೆ.

"ಎಲ್ಲಿ ಹಗುರ? ಒಂದು ಕುಕೀ ಅಂದ್ರೆ ಹೆಚ್ಚೂಕಮ್ಮಿ 4 ಕೆಬಿ ಒಳಗೇ ಇರುತ್ತೆ. ಸಾವಿರ ಕುಕೀ ಅಳಿಸಿದ್ರೂ ನಿನ್ನ ಮೊಬೈಲಿನ ಒಂದು ಫೋಟೋ ಜಾಗ."

ಜಾಗ ತಿನ್ನುವುದು ಕ್ಯಾಶ್. ಅದು ಬೇರೆಯೇ ಲೆಕ್ಕ. ಪ್ರತಿ ಸಲ ಮಂಡಕ್ಕಿ ತಿನ್ನಬೇಕಾದಾಗ ಭಟ್ಟಿಯ ತನಕ ಯಾರು ಹೋಗುತ್ತಾರೆ? ಒಂದು ಚೀಲ ತಂದು ಡಬ್ಬಿಗೆ ಸುರಿದಿಡುತ್ತೇವೆ. ಬ್ರೌಸರೂ ಹಾಗೆಯೇ ಸೈಟಿನ ಚಿತ್ರ, ಅಕ್ಷರ, ಬಣ್ಣ ಎಲ್ಲ ಒಮ್ಮೆ ತಂದು ಇಟ್ಟುಕೊಂಡಿರುತ್ತದೆ, ಮುಂದಿನ ಸಲ ಬೇಗ ತೋರಿಸಲು. ಡಬ್ಬಿಯ ಮಂಡಕ್ಕಿ ಮೆತ್ತಗಾಗುವುದುಂಟು. ಸೈಟಿನವರು ಪುಟ ಬದಲಿಸಿದ್ದರೂ ನಮಗೆ ಹಳೆಯದೇ ಕಾಣುತ್ತದೆ, ಗುಂಡಿ ಒತ್ತಿದರೆ ಕೆಲಸ ಮಾಡುವುದಿಲ್ಲ. ಆಗ ಆ ಡಬ್ಬಿ ಖಾಲಿ ಮಾಡಬೇಕು. ಖಾಲಿ ಮಾಡಿದ ಮೇಲೆ ಮೊದಲ ಸಲ ಎಲ್ಲ ಸೈಟೂ ನಿಧಾನವಾಗಿಯೇ ತೆರೆಯುತ್ತವೆ. ನಾನು ಕನ್ನಡಕ ಇಲ್ಲದೆ ಬಿಟ್ಟ ಸಣ್ಣಕ್ಷರದಲ್ಲಿ ಇದೇ ಬರೆದಿತ್ತಂತೆ! ಕುಕೀಸ್ ಸಾಲಿನ ಕೆಳಗೆ, ಹೆಚ್ಚಿನ ಸೈಟುಗಳಿಂದ ಲಾಗೌಟ್ ಆಗುತ್ತೀರಿ ಅಂತಲೂ ಇತ್ತಂತೆ.

ವೈರಸ್ ಚೀಟಿ ನಿಂತದ್ದು ಕುಕೀಸ್ ಅಳಿಸಿದ್ದರಿಂದಲೇ ಇರಬೇಕು ಅಂದೆ. ಅದೂ ತಪ್ಪು. ಮನೆಯವರು ಯಾವುದೋ ಸ್ಕೋರ್ ನೋಡುವ ಸೈಟಿನಲ್ಲಿ "ಅಲೋ" ಒತ್ತಿ, ನೋಟಿಫಿಕೇಶನ್ ಕಳಿಸಲು ಅನುಮತಿ ಕೊಟ್ಟಿದ್ದರು. ಚೀಟಿಗಳು ಅಲ್ಲಿಂದ ಬರುತ್ತಿದ್ದವು. ವೈರಸ್ಸೂ ಇಲ್ಲ ಏನೂ ಇಲ್ಲ, ಸುಮ್ನೆ ಹೆದರಿಸಿ ಏನಾದರೂ ಕ್ಲಿಕ್ ಮಾಡಿಸುವ ಆಟ. ಸೈಟ್ ಸೆಟ್ಟಿಂಗ್ಸಿಗೂ ನಾನು ಟಿಕ್ ಹಾಕಿದ್ದರಿಂದ ಆ ಅನುಮತಿ ಅಳಿಸಿಹೋಗಿತ್ತು. ಕುರುಡು ಗುಂಡು ಹೇಗೋ ಗುರಿಗೆ ಬಿದ್ದಿತ್ತು. ಐಪಿಎಲ್ ಮುಗಿಯುವುದರೊಳಗೆ ಅವರು ಮತ್ತೆ "ಅಲೋ" ಒತ್ತಿದರು, ಚೀಟಿ ಮತ್ತೆ ಬಂತು. ಆಗ ನಾನು ಏನನ್ನೂ ಅಳಿಸಲಿಲ್ಲ. ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ, ಪಟ್ಟಿಯಲ್ಲಿದ್ದ ಆ ಒಂದು ಹೆಸರನ್ನು ಮಾತ್ರ ತೆಗೆದೆ.

ಹಾಗಾದರೆ ಅವತ್ತು ಭಾನುವಾರ ನಾನು ಮಾಡಬೇಕಿದ್ದದ್ದಾದರೂ ಏನು? ಮಗಳು ಮಾಡಿ ತೋರಿಸಿದಳು. ಮೊದಲು ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಕಪ್ಪು ಕಿಟಕಿ ತೆರೆದು, ಅಂದರೆ ಇನ್‌ಕಾಗ್ನಿಟೋ, ಅದರಲ್ಲಿ ಲಾಗಿನ್ ಆಗಿ ನೋಡಬೇಕು. ಅದು ಹಳೇ ಟೋಕನ್ ಯಾವುದನ್ನೂ ಒಯ್ಯುವುದಿಲ್ಲ. ಅಲ್ಲಿ ಸರಿ ಹೋದರೆ ತೊಂದರೆ ಕುಕೀಯದೋ ಕ್ಯಾಶಿನದೋ ಅಂತ ಅರ್ಧ ಗೊತ್ತಾದ ಹಾಗೆ. ಅವಸರ ಇದ್ದರೆ ಅರ್ಜಿಯನ್ನು ಅಲ್ಲೇ ಮುಗಿಸಿಬಿಡಬಹುದು. ಪುಟ ಹಳೆಯದು ಕಾಣುತ್ತಿದೆ ಅಂತ ಅನುಮಾನ ಬಂದರೆ ಕಂಟ್ರೋಲ್ ಹಿಡಿದು ಎಫ್5. ಆ ಪುಟವನ್ನು ಮಾತ್ರ ಹೊಸದಾಗಿ ತರಿಸುತ್ತದೆ. ಅದಕ್ಕೂ ಬಗ್ಗದಿದ್ದರೆ, ಮೇಲೆ ವಿಳಾಸದ ಎಡಕ್ಕೆ ಎರಡು ಗೆರೆಯ ಒಂದು ಸಣ್ಣ ಗುರುತಿದೆ, ಮೊದಲು ಅಲ್ಲಿ ಬೀಗದ ಚಿತ್ರ ಇರುತ್ತಿತ್ತು. ಅದನ್ನು ಒತ್ತಿ "ಕುಕೀಸ್ ಅಂಡ್ ಸೈಟ್ ಡೇಟಾ"ಗೆ ಹೋದರೆ ಆ ಒಂದು ಸೈಟಿನದನ್ನು ಮಾತ್ರ ಅಳಿಸಬಹುದು. ಉಳಿದವರ ಟೋಕನ್ ಉಳಿದವರ ಹತ್ತಿರ ಇರುತ್ತದೆ. ಒಂದು ನಿಮಿಷದ ಕೆಲಸ. ಇದನ್ನು ಫೋನಿನಲ್ಲಿ ಹೇಳಲು ಆ ಸಹಾಯವಾಣಿಯವರಿಗೆ ಏನು ಕಷ್ಟವಿತ್ತೋ. ಅವರದೂ ತಪ್ಪಿಲ್ಲ ಬಿಡಿ, ನನ್ನಂಥವರು ನೂರು ಜನ ಲೈನಿನಲ್ಲಿ ಕಾಯುತ್ತಿದ್ದಿರಬಹುದು.

ಟೆಂಪರರಿ ಫೈಲುಗಳ ವಿಚಾರ ಬಾಕಿ ಇತ್ತಲ್ಲ. ಅದಕ್ಕೆ ಪಕ್ಕದ ಮನೆ ಹುಡುಗ ಬಂದ. ಇಂಜಿನಿಯರಿಂಗ್ ಓದುತ್ತಾನೆ, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿಗೆ ಎಲ್ಲ ರಿಪೇರಿ ಮಾಡಿಕೊಡುತ್ತಾನೆ. ವಿಂಡೋಸ್ ಗುರುತಿನ ಕೀ ಜೊತೆ ಆರ್ ಒತ್ತಿದ. ಸಣ್ಣ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಟೆಂಪ್, ಮತ್ತೆ ಶೇಕಡಾ ಚಿಹ್ನೆ ಟೈಪ್ ಮಾಡಿದ. ಒಂದು ಫೋಲ್ಡರ್ ತೆರೆಯಿತು. ಒಳಗೆ ಅರ್ಥವಿಲ್ಲದ ಹೆಸರಿನ ಸಾವಿರಾರು ಫೈಲು. ಪ್ರೋಗ್ರಾಂಗಳು ಕೆಲಸ ಮಾಡುವಾಗ ಇಟ್ಟು, ಎತ್ತಿಡಲು ಮರೆತವು. ಎಲ್ಲ ಆರಿಸಿ ಡಿಲೀಟ್ ಒತ್ತಿದ. ಕೆಲವು ಫೈಲುಗಳು ಬಳಕೆಯಲ್ಲಿವೆ ಅಂತ ಬಂತು, ಸ್ಕಿಪ್ ಒತ್ತಿ ಬಿಟ್ಟ. ಬಳಕೆಯಲ್ಲಿರುವುದನ್ನು ವಿಂಡೋಸೇ ಬಿಡುವುದಿಲ್ಲ, ಹೆದರಬೇಡಿ ಆಂಟಿ ಅಂದ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲೂ ಟಿಕ್ ಹಾಕುವ ಪಟ್ಟಿ. ಈ ಸಲ ನಾನು ಎದ್ದು ಹೋಗಿ ಕನ್ನಡಕ ತಂದೆ. ಅಪ್‌ಡೇಟ್ ಆದ ಮೇಲೆ ಉಳಿದ ಕಸ, ಥಂಬ್‌ನೇಲ್ಸ್, ರೀಸೈಕಲ್ ಬಿನ್. ಇವಕ್ಕೆಲ್ಲ ಹಾಕು ಅಂದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದದ್ದು "ಡೌನ್‌ಲೋಡ್ಸ್" ಎದುರಿಗೆ, 14 ಜಿಬಿ. ಟಿಕ್ ಮಾತ್ರ ಖಾಲಿ ಇತ್ತು. ಹುಡುಗ ಅದಕ್ಕೂ ಹಾಕಲು ಹೊರಟ.

"ನಿಲ್ಲಪ್ಪಾ ತಮ್ಮಾ" ಅಂದೆ.

ಡೌನ್‌ಲೋಡ್ಸ್ ಅನ್ನುವುದು ಟೆಂಪರರಿ ಪಟ್ಟಿಯಲ್ಲಿ ಯಾಕಿದೆಯೋ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ನಮ್ಮಂಥ ಮನೆಗಳಲ್ಲಿ ಅದೇ ಬೀರು, ಅದೇ ತಿಜೋರಿ. ಬಂದದ್ದು ಅಲ್ಲಿ ಬೀಳುತ್ತದೆ, ಅಲ್ಲೇ ಇರುತ್ತದೆ. ಅವತ್ತು ಮಧ್ಯಾಹ್ನ ಅದನ್ನು ತೆರೆದು ಕೂತವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದೆ. ಮಗಳ ಎರಡನೇ ಪಿಯು ಅಂಕಪಟ್ಟಿ ಇತ್ತು. ಊರಿನ ಜಮೀನಿನ ಪಹಣಿ ಏಳು ಸಲ ಇಳಿಸಿದ್ದು ಇತ್ತು, ಹೆಸರಿನ ಮುಂದೆ ಒಂದು, ಎರಡು, ಮೂರು ಅಂತ ನಂಬರು. ಯಾರದೋ ಮದುವೆ ಕರೆಯೋಲೆ. ಏಳನೇ ತರಗತಿ ಗಣಿತದ ಪ್ರಶ್ನೆಪತ್ರಿಕೆಗಳು. 2021ರಲ್ಲಿ ಮಾವ ಆಸ್ಪತ್ರೆಯಲ್ಲಿದ್ದಾಗ ವಾಟ್ಸಾಪ್ ವೆಬ್‌ನಿಂದ ಇಳಿಸಿಕೊಂಡ ಸ್ಕ್ಯಾನ್ ವರದಿ, ಅದರ ಕೆಳಗೇ ಒಂದು ವಿಡಿಯೋ. ಹಾಸಿಗೆಯ ಮೇಲೆ ಕೂತು "ನಾನು ಆರಾಮಿದೀನಿ, ಮೆಣಸಿನಕಾಯಿ ಮಂಡಕ್ಕಿ ಕೊಡಿಸ್ರೋ" ಅಂತ ಅತ್ತೆಗೆ ಹೇಳಿ ಕಳಿಸಿದ್ದು. ಮೊಬೈಲ್ ಬದಲಿಸಿದಾಗ ಅದು ಹೋಯಿತು ಅಂದುಕೊಂಡಿದ್ದೆವು. ಅತ್ತೆಯನ್ನು ಕರೆದೆ. ಎರಡು ಸಲ ನೋಡಿದರು. ಮೂರನೇ ಸಲ ಹಾಕಲಾ ಅಂದರೆ ಬೇಡ ಅಂದು ಒಳಗೆ ಹೋದರು.

ಉಳಿಸಬೇಕಾದದ್ದನ್ನು ಹೆಸರಿಟ್ಟು ಬೇರೆ ಫೋಲ್ಡರಿಗೆ ಹಾಕಿದೆ, ಪೆನ್‌ಡ್ರೈವಿಗೂ ಒಂದು ಪ್ರತಿ. ಪಹಣಿಯ ಆರು ಪ್ರತಿ, ಹಳೇ ಸೆಟಪ್ ಫೈಲುಗಳು, ಯಾರೋ ಕಳಿಸಿದ ಶುಭೋದಯಗಳೆಲ್ಲ ಹೋದವು. 9 ಜಿಬಿ ಖಾಲಿಯಾಯಿತು.

ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ಆನ್ ಆಗಲು ಅಷ್ಟೇ ಹೊತ್ತು, ಟೀ ಕಾಸಿಕೊಂಡು ಬರುವಷ್ಟು. ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಡಿಸ್ಕ್ ಎದುರಿಗೆ ನೂರಕ್ಕೆ ನೂರು ಅಂತ ಕೆಂಪಾಗಿ ನಿಂತಿತ್ತು. ಒಳಗಿದ್ದದ್ದು ತಿರುಗುವ ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲು ಓದಬೇಕು, ಮುಳ್ಳು ಒಂದೊಂದಕ್ಕೂ ಅತ್ತಿಂದಿತ್ತ ಓಡಾಡಬೇಕು. ಕುಕೀಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ₹1,900 ಕೊಟ್ಟು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ಡಿಸ್ಕ್, ಹಾಕಿಸಿದೆವು, ಹಳೇ ಡಿಸ್ಕನ್ನು ಪಕ್ಕಕ್ಕೆ ಉಳಿಸಿಕೊಂಡು. ಈಗ ಸ್ಟವ್ ಹಚ್ಚುವುದರೊಳಗೆ ಪರದೆ ಬಂದಿರುತ್ತದೆ. ಮೊದಲೇ ಇದನ್ನು ಯಾರಾದರೂ ಹೇಳಿದ್ದರೆ ಅಂತ ಅನ್ನಿಸಿದ್ದು ಹೌದು.

ಒಂದು ವಿಷಯ ಮಾತ್ರ ಕುಕೀಸಿನದೇ. ನಾನೊಮ್ಮೆ ಮೊಳಕಾಲ್ಮೂರು ಸೀರೆ ನೋಡಿದೆ, ಕೊಳ್ಳಲಿಲ್ಲ. ಆಮೇಲೆ ವಾರ್ತೆ ಓದಲು ಹೋದರೂ ಸೀರೆ, ಮಳೆ ಸುದ್ದಿ ನೋಡಿದರೂ ಸೀರೆ. ನಾವು ಹೋದ ಸೈಟಿನದಲ್ಲದೆ, ಅದರಲ್ಲಿ ಜಾಹೀರಾತು ಹಾಕುವ ಬೇರೆಯವರೂ ತಮ್ಮ ಟೋಕನ್ ನಮ್ಮ ಜೇಬಿಗೆ ಹಾಕಿಬಿಡುತ್ತಾರೆ. ಮುಂದಿನ ಅಂಗಡಿಯಲ್ಲೂ ಅವರದೇ ಆಳು ನಿಂತಿರುತ್ತಾನೆ. ಇವನ್ನು ಥರ್ಡ್ ಪಾರ್ಟಿ ಕುಕೀಸ್ ಅನ್ನುತ್ತಾರೆ. ಫೈರ್‌ಫಾಕ್ಸ್, ಸಫಾರಿ ಇವಕ್ಕೆ ತಾವಾಗಿಯೇ ಕಡಿವಾಣ ಹಾಕುತ್ತವೆ. ಕ್ರೋಮ್‌ನಲ್ಲಿ ತೆಗೆದುಹಾಕುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿ, 2024ರ ಜುಲೈನಲ್ಲಿ ಆ ಯೋಜನೆ ಕೈಬಿಟ್ಟಿತು. ಹಾಗಾಗಿ ಸೆಟ್ಟಿಂಗ್ಸಿಗೆ ಹೋಗಿ ನಾವೇ ಬ್ಲಾಕ್ ಮಾಡಬೇಕು. ನಾನು ಮಾಡಿದೆ. ಸೀರೆ ಕಡಿಮೆಯಾಯಿತು. ಮನೆಯವರ ಮೊಬೈಲಿನಲ್ಲಿ ಈಗಲೂ ಟ್ರ್ಯಾಕ್ಟರ್ ಬರುತ್ತಿರುತ್ತದೆ. ಅವರಿಗೆ ಅದು ಇಷ್ಟವಂತೆ, ಇರಲಿ.

ಪಾಸ್‌ವರ್ಡುಗಳನ್ನು ಈಗ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಮಗಳಿಗೆ ಇದು ಸರಿಬರುವುದಿಲ್ಲ, ಪಾಸ್‌ವರ್ಡ್ ಮ್ಯಾನೇಜರ್ ಬಳಸು ಅನ್ನುತ್ತಾಳೆ. ಬಳಸುತ್ತೇನೆ, ನೋಟ್‌ಬುಕ್ಕೂ ಇರಲಿ ಅನ್ನುತ್ತೇನೆ.

ಯುಗಾದಿ ಕಳೆದು ಎರಡು ವಾರಕ್ಕೆ ಭಾವನ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಅವತ್ತಿನ ಅರ್ಜಿ ಪಿಡಿಎಫ್ ಕಳಿಸ್ತೀರಾ? ನಾನು ಪ್ರಿಂಟ್ ತಗೊಳ್ಳೋದೇ ಮರೆತೆ." ಎಲ್ಲಿಟ್ಟೆನಪ್ಪಾ ಅಂತ ಹೊಸ ಫೋಲ್ಡರುಗಳನ್ನೆಲ್ಲ ಹುಡುಕಿದೆ. ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಡೌನ್‌ಲೋಡ್ಸಿನಲ್ಲಿ.